ವೈದ್ಯರ ಮೇಜಿನ ಮುಂದೆ ಎರಡು ನಿಮಿಷ

ಸಂಘದ ಜಗಲಿಯ ಮೇಲೆ ತೂಕದ ಸರದಿ ಕಾಯುತ್ತ ಕುಳಿತ ಸದಸ್ಯರು ಏನು ಮಾತಾಡುತ್ತಾರೆಂಬುದು ಕಾರ್ಯದರ್ಶಿಯಾದವರ ಕಿವಿಗೆ ಬೇಡವೆಂದರೂ ಬೀಳುತ್ತದೆ. ಮೊದಲು ಚಾಲಿಯ ದರ. ಅದು ಐದು ನಿಮಿಷದಲ್ಲಿ ಮುಗಿಯುತ್ತದೆ; ದರದ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಅಷ್ಟರಲ್ಲೇ ಇದೆ. ಆಮೇಲೆ ಎಲೆಚುಕ್ಕೆ ರೋಗ, ಮಂಗನ ಹಾವಳಿ, ಕೊನೆಗೌಡರು ಸಿಗದ ಕಷ್ಟ. ಅದಾದ ಮೇಲೆ ಮಾತು ದವಾಖಾನೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ತೋಟ ನೋಡಿಕೊಳ್ಳಲು ಊರಿನಲ್ಲಿ ಉಳಿದವರೆಲ್ಲ ಅರವತ್ತು ದಾಟಿದವರೇ ಆದ್ದರಿಂದ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

"ಮೊದಲ ಬಸ್ಸಿಗೆ ಹೋದವನನ್ನು ಹನ್ನೆರಡೂವರೆಗೆ ಒಳಗೆ ಕರೆದರು. ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ ಚೀಟಿ ಬರೆದಾಗಿತ್ತು." "ಮುಖ ಎತ್ತಿ ನೋಡಲಿಲ್ಲ ಮಾರಾಯ, ಕಂಪ್ಯೂಟರ್ ನೋಡಿಕೊಂಡೇ ಕೇಳಿದರು." "ಸೊಂಟದ್ದು ಹೇಳಿದೆ, ಮೊಣಕಾಲಿನದ್ದು ಹೇಳುವಷ್ಟರಲ್ಲಿ ಮುಂದಿನ ನಂಬರು ಕೂಗಿದರು." ಇವು ಒಬ್ಬಿಬ್ಬರ ಮಾತುಗಳಲ್ಲ. ಸರಕಾರಿ ದವಾಖಾನೆಗೆ ಹೋದವರೂ, ದುಡ್ಡು ಕೊಟ್ಟು ದೊಡ್ಡ ಆಸ್ಪತ್ರೆಗೆ ಹೋದವರೂ ಹೇಳುವುದು ಹೆಚ್ಚು ಕಡಿಮೆ ಇದನ್ನೇ.

ಅಡಿಕೆ ಕಾಫಿಯ ಪತ್ರಿಕೆಯಲ್ಲಿ ದವಾಖಾನೆಯ ವಿಚಾರವೇಕೆಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಸಹಕಾರ ಸಂಘಗಳು ಈ ವಿಚಾರಕ್ಕೆ ಕೈ ಹಾಕಿ ಇಪ್ಪತ್ತು ವರ್ಷಗಳ ಮೇಲಾಯಿತು. ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದದ್ದು ನಮ್ಮಂಥ ಸಂಘಗಳ ಸದಸ್ಯರಿಗಾಗಿಯೇ. ಆಗ ವರ್ಷಕ್ಕೆ ತಲೆಗೆ 60 ರೂಪಾಯಿ ವಂತಿಗೆ. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿ ನಿಲ್ಲಿಸಲಾಯಿತು. 2022ರ ಕೊನೆಗೆ ಮತ್ತೆ ನೋಂದಣಿ ಪ್ರಾರಂಭವಾಯಿತು. ಆ ಪುಸ್ತಕದಲ್ಲಿ ನೂರಾರು ಶಸ್ತ್ರಚಿಕಿತ್ಸೆಗಳ ಹೆಸರಿದೆ, ಒಂದೊಂದಕ್ಕೂ ದರ ಗೊತ್ತುಮಾಡಿದ್ದಾರೆ. ಹೃದಯದ ಆಪರೇಶನ್ನಿಗೆ ಇಷ್ಟು, ಗರ್ಭಕೋಶದ್ದಕ್ಕೆ ಇಷ್ಟು. ಇದರಿಂದ ಬದುಕಿಕೊಂಡವರು ನಮ್ಮ ಸದಸ್ಯರಲ್ಲೇ ಇದ್ದಾರೆ, ಆ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಕುಳಿತು ರೋಗಿಯ ಮಾತು ಕೇಳುವುದಕ್ಕೆ ಅಲ್ಲಿ ದರವಿಲ್ಲ. ದರವಿಲ್ಲದ ಮಾಲು ಪೇಟೆಗೆ ಬರುವುದಿಲ್ಲವೆಂಬುದು ಬೆಳೆಗಾರರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ದೂರು ನಮ್ಮ ಜಿಲ್ಲೆಗೆ ಮಾತ್ರ ಸೇರಿದ್ದೂ ಅಲ್ಲ. ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2017ರಲ್ಲಿ 67 ದೇಶಗಳ ಲೆಕ್ಕ ಪ್ರಕಟವಾಗಿತ್ತು. ಸಾಮಾನ್ಯ ಕಾಯಿಲೆಗೆ ಬಂದ ರೋಗಿಯೊಡನೆ ವೈದ್ಯರು ಕಳೆಯುವ ವೇಳೆ ಸ್ವೀಡನ್ನಿನಲ್ಲಿ ಸರಾಸರಿ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ದೇಶದ್ದು ಸುಮಾರು 2 ನಿಮಿಷ. ಪ್ರಪಂಚದ ಅರ್ಧದಷ್ಟು ಜನರಿಗೆ ಸಿಗುವುದು 5 ನಿಮಿಷ ಅಥವಾ ಅದಕ್ಕಿಂತ ಕಡಿಮೆ. ದೆಹಲಿಯಲ್ಲಿ ವೈದ್ಯರ ಬಳಿಯೇ ಕುಳಿತು ಲೆಕ್ಕ ಹಾಕಿದ ಇನ್ನೊಂದು ಅಧ್ಯಯನ 2007ರಲ್ಲಿ ಹೊರಬಂತು. ಅಲ್ಲಿ ಸರಾಸರಿ ನಾಲ್ಕು ನಿಮಿಷವೂ ಆಗಲಿಲ್ಲ, ಕೇಳಿದ ಪ್ರಶ್ನೆಗಳು ಮೂರು ಚಿಲ್ಲರೆ.

ಹಾಗಾದರೆ ನಿಮಿಷ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆಯೇ? ನಾವೂ ಹಾಗೆಯೇ ತಿಳಿದಿದ್ದೆವು. ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಆದ ಒಂದು ಸಂಗತಿಯಿಂದ ನಮ್ಮ ಅಭಿಪ್ರಾಯ ಸ್ವಲ್ಪ ಬದಲಾಯಿತು. ಅದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇವೆ.

ನಮ್ಮ ಅತ್ತಿಗೆಗೆ ಅರವತ್ತೆಂಟು ವರ್ಷ. ತೋಟ ಗಂಗಾವಳಿಯ ಮೇಲ್ಭಾಗದಲ್ಲಿದ್ದರೂ ಮನೆ ಕೇಣಿಯಲ್ಲಿ; ಮನೆಯ ಕೊಟ್ಟಿಗೆ, ಅಂಗಳ, ಅಡಿಗೆ ಎಲ್ಲ ಅವರದೇ ಯಜಮಾನಿಕೆ. ಏಳೆಂಟು ವರ್ಷದಿಂದ ಬಿ.ಪಿ. ಗುಳಿಗೆ ನಡೆದಿತ್ತು. ವರ್ಷಕ್ಕೊಮ್ಮೆ ಎಲ್ಲವನ್ನೂ ತೋರಿಸಿಕೊಂಡು ಬರೋಣವೆಂದು ನಾವೇ ಒತ್ತಾಯ ಮಾಡಿ, ಬೆಳಗಿನ ನಾಲ್ಕು ಗಂಟೆಗೆ ಕಾರು ಮಾಡಿಕೊಂಡು, ಪರವೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಟೋಕನ್ ನಂಬರು 63. ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಡಾಕ್ಟರರು ಸಭ್ಯರು, ಹಾಗೆ ನೋಡಿದರೆ ಒರಟು ಮಾತೇನೂ ಆಡಲಿಲ್ಲ. ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಹುಬ್ಬು ಗಂಟಿಕ್ಕಿದರು. "ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ?" ಎಂದು ಕೇಳಿದರು. "ಹೌದು ಡಾಕ್ಟರೇ, ದಿನಾ ತೆಗೆದುಕೊಳ್ಳುತ್ತಾರೆ" ಎಂದು ನಾವು ಹೇಳಿದೆವು. ಅವರು ಹಳೆಯ ಗುಳಿಗೆಯನ್ನು ದೊಡ್ಡದು ಮಾಡಿ, ಇನ್ನೊಂದನ್ನು ಸೇರಿಸಿ, ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಗಡಿಯಾರ ನೋಡಿಕೊಂಡಿದ್ದೆವು: ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ.

ನಿಜ ಏನೆಂದರೆ ಅತ್ತಿಗೆ ಬೇಸಗೆಯಿಂದಲೇ ಗುಳಿಗೆ ಬಿಟ್ಟಿದ್ದರು. ತೆಗೆದುಕೊಂಡರೆ ಪಾದ ಬಾತು ಬರುತ್ತಿತ್ತಂತೆ. (ಆ ಜಾತಿಯ ಗುಳಿಗೆಯಲ್ಲಿ ಕೆಲವರಿಗೆ ಹಾಗಾಗುವುದುಂಟು, ಬದಲಾಯಿಸಿ ಕೊಟ್ಟರೆ ಸರಿಯಾಗುತ್ತದೆಂದು ಆಮೇಲೆ ತಿಳಿಯಿತು.) ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರರ ಹುಬ್ಬು ನೋಡಿ ಹೆದರಿದವರು ಮರುದಿನದಿಂದ ಹೊಸ ಚೀಟಿಯಲ್ಲಿದ್ದದ್ದನ್ನೆಲ್ಲ ನಿಷ್ಠೆಯಿಂದ ತೆಗೆದುಕೊಳ್ಳತೊಡಗಿದರು. ಐದನೆಯ ದಿನ ನಸುಕಿನಲ್ಲಿ ಕೊಟ್ಟಿಗೆಗೆ ಹೋಗಲು ಎದ್ದವರು ಕಣ್ಣು ಕತ್ತಲೆ ಬಂದು ಜಗಲಿಯ ಮೆಟ್ಟಿಲ ಮೇಲೆ ಬಿದ್ದರು. ಮುಂಗೈ ಮೂಳೆ ಮುರಿಯಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ, ಗುಳಿಗೆ ಬಿಟ್ಟ ಸಂಗತಿಯನ್ನು ಡಾಕ್ಟರರ ಹತ್ತಿರ ಯಾಕೆ ಹೇಳಲಿಲ್ಲವೆಂದು ನಾವು ಸ್ವಲ್ಪ ಜೋರಾಗಿಯೇ ಕೇಳಿದೆವು. "ಅವರು ಕೇಳಿದ್ದು ನನ್ನ ಹತ್ತಿರ ಅಲ್ಲವಲ್ಲ ತಮ್ಮಾ, ನಿನ್ನ ಹತ್ತಿರ" ಎಂದರು.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದೆಂದು ಹಿರಿಯರು ಹೇಳುತ್ತಾರೆ. ನಾವು ಗೊತ್ತಿಲ್ಲದೆಯೇ ಹೇಳಿದ್ದೆವು. ಆ ಮೂರು ನಿಮಿಷದಲ್ಲಿ ಅರ್ಧ ನಿಮಿಷವನ್ನಾದರೂ ರೋಗಿಗೆ ಬಿಡದೆ ನಾವೇ ತಿಂದುಹಾಕಿದ್ದೆವು. ದವಾಖಾನೆಗಳಲ್ಲಿ ಗಮನಿಸಿ ನೋಡಿ: ಹೆಂಡತಿಯ ನೋವನ್ನು ಗಂಡ ಹೇಳುತ್ತಾನೆ, ತಾಯಿಯದ್ದನ್ನು ಮಗ ಹೇಳುತ್ತಾನೆ. ಮಗ ಬೆಂಗಳೂರಿನಲ್ಲಿದ್ದರೆ ಫೋನಿನಲ್ಲೇ ಡಾಕ್ಟರರೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸುತ್ತಾನೆ. ನೋವು ಯಾರದೋ ಅವರು ಕುರ್ಚಿಯಲ್ಲಿ ಕುಳಿತು ಇವರಿಬ್ಬರ ಮುಖ ನೋಡುತ್ತಿರುತ್ತಾರೆ. ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿ ಕನ್ನಡವನ್ನೋ ಆಡುವ ಹೆಂಗಸಿಗೆ, ಹೊರ ಜಿಲ್ಲೆಯಿಂದ ಬಂದ ಡಾಕ್ಟರರ ಮುಂದೆ ಬಾಯಿ ಬಿಡಲು ಮೊದಲೇ ಅಂಜಿಕೆ. ಅದರ ಮೇಲೆ ಇದೊಂದು.

ಮೊದಲ ಒಂದೆರಡು ನಿಮಿಷ ರೋಗಿಯದ್ದಾಗಿದ್ದರೆ ಎಷ್ಟೋ ಕೆಲಸವಾಗುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. ಅಮೆರಿಕದಲ್ಲಿ 1984ರಲ್ಲಿ ಇಬ್ಬರು ಸಂಶೋಧಕರು ವೈದ್ಯರದ್ದೇ ಪರೀಕ್ಷೆ ಮಾಡಿದರು. ರೋಗಿ ಬಾಯಿ ತೆರೆದ 18 ಸೆಕೆಂಡುಗಳಲ್ಲಿ, ಸರಾಸರಿ ಲೆಕ್ಕದಲ್ಲಿ, ವೈದ್ಯರು ನಡುವೆ ಬಾಯಿ ಹಾಕಿದ್ದರು. ಬಿಟ್ಟರೆ ರೋಗಿ ದಿನವಿಡೀ ಮಾತಾಡುತ್ತಾನೆಂಬ ಭಯ ಇದಕ್ಕೆ ಕಾರಣವಂತೆ. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಆಸ್ಪತ್ರೆಯಲ್ಲಿ ತಡೆಯದೆ ಬಿಟ್ಟು ನೋಡಿದಾಗ, ಮುನ್ನೂರಕ್ಕೂ ಹೆಚ್ಚು ರೋಗಿಗಳು ಸರಾಸರಿ 92 ಸೆಕೆಂಡುಗಳಲ್ಲಿ ತಾವಾಗಿಯೇ ಮಾತು ಮುಗಿಸಿದರು; ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ. ಇದು 2002ರಲ್ಲಿ ಪ್ರಕಟವಾದ ಮಾತು. ಮತ್ತೂ ಒಂದು ವಿಚಿತ್ರವಿದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ವೈದ್ಯರು ಕೆಲವರ ಹತ್ತಿರ ನಿಂತು, ಕೆಲವರ ಹತ್ತಿರ ಕುಳಿತು ಮಾತಾಡಿಸಿದರು. ಗಡಿಯಾರದ ಪ್ರಕಾರ ಕುಳಿತವರು ಇದ್ದ ವೇಳೆ ಹೆಚ್ಚೇನಲ್ಲ. ಆದರೂ ಅವರೇ ಹೆಚ್ಚು ಹೊತ್ತು ಇದ್ದರೆಂದು ರೋಗಿಗಳು ಹೇಳಿದರು. ನಮ್ಮ ಜಗಲಿಯ ಮೇಲಿನ ದೂರಿನಲ್ಲೂ "ಬೇಗ ಮುಗಿಸಿದರು" ಎಂಬುದಕ್ಕಿಂತ "ಮುಖ ನೋಡಲಿಲ್ಲ" ಎಂಬುದೇ ಹೆಚ್ಚು ಸಲ ಬರುತ್ತದೆ.

ಇದು ಬರಿಯ ಮರ್ಯಾದೆಯ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ತೋಟಿಗರ ಕಾಯಿಲೆಗಳಲ್ಲಿ ಕೆಲವು ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಡಿಸೆಂಬರಿನಿಂದ ಮೇ ತನಕ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈ ಕೈ ನುರಿತ ಬಂದರೆ "ದರಕು ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗಿದ್ದಿರಾ? ಮೈಮೇಲೆ ಉಣುಗು ಕಂಡಿತ್ತೇ? ಹತ್ತಿರದಲ್ಲೆಲ್ಲಾದರೂ ಮಂಗ ಸತ್ತಿತ್ತೇ?" ಎಂದು ಕೇಳಲೇಬೇಕು. ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಅಲ್ಲಿಗೇ ನಿಂತಿಲ್ಲ. 2024ರ ಪ್ರಾರಂಭದಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರದ ಕಡೆ ಎಷ್ಟು ಜನ ನರಳಿದರೆಂಬುದು ನೆನಪಿದೆ. ಮಳೆಗಾಲದ ಜ್ವರವಾದರೆ ಕೇಳಬೇಕಾದದ್ದು ಬೇರೆ: ತೋಟದ ಕಾಲುವೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದಿರಾ, ಕಾಲಿನಲ್ಲಿ ಗಾಯವಿತ್ತೇ? ಇಲಿಜ್ವರ ಬೇಗ ಗೊತ್ತಾದರೆ ಸಾಧಾರಣ ಬೆಲೆಯ ಗುಳಿಗೆಯಲ್ಲಿಯೇ ಗುಣವಾಗುವಂಥದ್ದು. ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನು ಹಿಡಿಯುತ್ತದೆ. ಈ ಪ್ರಶ್ನೆ ಕೇಳಲು ಹತ್ತು ಸೆಕೆಂಡು ಸಾಕು. ಕೇಳದಿದ್ದರೆ ನಾವಾಗಿ ಹೇಳಬೇಕು. ಹೇಳಬೇಕೆಂಬುದು ನಮಗೆ ಗೊತ್ತಿರಬೇಕು.

ಕವಳದ ಮಾತೂ ಇದೆ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ನಮಗೆ ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ಬರೆದಿದೆ. ಅದರ ಮೇಲೆ ನಡೆಯುತ್ತಿರುವ ವಾದವಿವಾದ ಓದುಗರಿಗೆ ಗೊತ್ತೇ ಇದೆ, ಅದನ್ನು ಇಲ್ಲಿ ಬಗೆಹರಿಸಲಾಗದು. ಆದರೆ ನಲವತ್ತು ವರ್ಷ ಕವಳ ಹಾಕಿದ ಒಬ್ಬ ಸದಸ್ಯನಿಗೆ "ಕವಳ ಬಿಡಿ" ಎಂದು ನಾಲ್ಕು ಸೆಕೆಂಡಿನಲ್ಲಿ ಹೇಳಿ ಕಳಿಸಿದರೆ, ಆತ ಮೆಟ್ಟಿಲಿಳಿಯುವ ಮೊದಲೇ ಚೀಲದಿಂದ ಎಲೆ ತೆಗೆಯುತ್ತಾನೆ. ಬಾಯಿ ತೆರೆಸಿ, ಬೆಳಕು ಹಿಡಿದು, ಬಿಳಿ ಮಚ್ಚೆ ಇದೆಯೇ, ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಒಬ್ಬನ ಜೀವ ಉಳಿಸಬಹುದು. ನಮ್ಮ ತೋಟಕ್ಕೆ ಬಂದ ತಜ್ಞರು ಜೀಪಿನಿಂದ ಇಳಿಯದೆ, ಮರದ ತಲೆ ನೋಡದೆ, ಬಸಿಗಾಲುವೆ ಎಂದು ತೆಗೆದಿರೆಂದು ಕೇಳದೆ ಎಲೆಚುಕ್ಕೆಗೆ ಔಷಧಿ ಬರೆದುಕೊಟ್ಟರೆ ನಾವು ಒಪ್ಪುತ್ತೇವೆಯೇ?

ಇಷ್ಟು ಹೇಳಿದ ಮೇಲೆ ಡಾಕ್ಟರರ ಪಕ್ಷವನ್ನೂ ಹೇಳಬೇಕಾದದ್ದು ನ್ಯಾಯ. ಕೇಂದ್ರ ಸರಕಾರದ 2012ರ ಮಾರ್ಗಸೂಚಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರರೋಗಿಗಳಿಗೆ ದಿನಕ್ಕೆ 6 ತಾಸು, ಒಬ್ಬ ವೈದ್ಯರಿಗೆ ಕನಿಷ್ಠ 40 ರೋಗಿಗಳು ಎಂದಿತ್ತು. ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ 9 ನಿಮಿಷ ಬರುತ್ತದೆ. ಕಾಗದದ ಮೇಲೆ ಚಂದದ ಲೆಕ್ಕ. ನೂರಿಪ್ಪತ್ತು ಜನ ಬಂದು, ನಡುವೆ ಮೀಟಿಂಗು, ವರದಿ, ಹಾವು ಕಚ್ಚಿದವನು, ಮರದಿಂದ ಬಿದ್ದವನು ಎಲ್ಲ ಸೇರಿ ನಾಲ್ಕೇ ತಾಸು ಉಳಿದರೆ ಎರಡು ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಯಾವ ಸಭ್ಯತೆಯಿಂದಲೂ ಹಿಗ್ಗಿಸಲಾಗದು.

ನಮ್ಮ ಮೇಜಿನ ಮುಂದೆ ಏನಾಗುತ್ತದೆ? ಮಾರ್ಚ್ ಕೊನೆಯ ವಾರ ಬೆಳೆಸಾಲದ ನವೀಕರಣಕ್ಕೆ ಸದಸ್ಯರು ಸಾಲುಗಟ್ಟಿದಾಗ ನಾವು ಯಾರ ಮುಖ ನೋಡಿದ್ದೇವೆ? ಪಹಣಿ ಎಲ್ಲಿ, ಆಧಾರ್ ಎಲ್ಲಿ, ಇಲ್ಲಿ ಸಹಿ, ಮುಂದಿನವರು ಬನ್ನಿ. ಬೆಳೆ ವಿಮೆಯ ವಿಚಾರ ಕೇಳಲು ಬಂದ ಒಬ್ಬ ಮುದುಕರು ಹೋದ ವರ್ಷ ನಮ್ಮ ಕಚೇರಿಯಲ್ಲಿ ಬಾಯಿ ತೆರೆದು, ಮುಚ್ಚಿ, ಹಾಗೆಯೇ ಹೋದದ್ದು ಆಮೇಲೆ ಗುಮಾಸ್ತರಿಂದ ತಿಳಿಯಿತು. ಆದ್ದರಿಂದ ಡಾಕ್ಟರರಿಗೆ ಬುದ್ಧಿ ಹೇಳುವ ಹಕ್ಕು ನಮಗೆ ಪೂರ್ತಿ ಇದೆಯೆಂದು ಹೇಳಿಕೊಳ್ಳಲಾರೆವು.

ರೋಗಿಗಳಾದ ನಮ್ಮ ತಪ್ಪು ಇನ್ನೂ ಒಂದಿದೆ. ಕುಳಿತು ಮಾತಾಡಿ, ಇದಕ್ಕೆ ಔಷಧಿ ಬೇಡ, ಎರಡು ದಿನ ನೋಡೋಣ ಎಂದು ಹೇಳಿದ ಡಾಕ್ಟರರನ್ನು ನಾವು ಊರಿಗೆ ಬಂದು ಏನೆನ್ನುತ್ತೇವೆ? "ಸೂಜಿಯನ್ನೂ ಕೊಡಲಿಲ್ಲ" ಎನ್ನುತ್ತೇವೆ. ಮಾತಾಡದೆ ಸಲಾಯಿನ್ ಏರಿಸಿದವರಿಗೆ ಕೈಗುಣ ಚಲೋ ಎಂದು ಹೆಸರು. ಕೈಗುಣವನ್ನು ಸೂಜಿಯಿಂದ ಅಳೆದವರು ನಾವು. ಡಾಕ್ಟರರು ಅದನ್ನೇ ಕಲಿತರು. ನಮ್ಮ ತಾಲೂಕಿನ ಬೆಳಂಬಾರಕ್ಕೆ ಪಾರ್ಶ್ವವಾಯುವಿನ ನಾಟಿ ಔಷಧಿಗಾಗಿ ದೂರದೂರದಿಂದ ಜನ ಬರುವುದನ್ನು ಎಲ್ಲರೂ ನೋಡಿದ್ದೇವೆ. ಆ ಔಷಧಿಯ ಗುಣಾವಗುಣ ಹೇಳುವ ತಿಳಿವಳಿಕೆ ನಮಗಿಲ್ಲ. ಪಾರ್ಶ್ವವಾಯು ಬಡಿದ ಮೊದಲ ತಾಸುಗಳಲ್ಲಿ ದೊಡ್ಡ ಆಸ್ಪತ್ರೆಗೇ ಓಡಬೇಕೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಆದರೆ ನಾಟಿ ವೈದ್ಯರ ಅಂಗಳದಿಂದ ಬಂದವರು "ಎಲ್ಲ ಕೇಳಿದರು" ಎಂದು ಹೇಳುವುದನ್ನು ದೊಡ್ಡ ಆಸ್ಪತ್ರೆಯವರು ಅಲಕ್ಷ್ಯ ಮಾಡಬಾರದು.

ದೊಡ್ಡ ಆಸ್ಪತ್ರೆಯೆಂದ ಕೂಡಲೇ ಜಿಲ್ಲೆಯ ಹಳೆಯ ನೋವು ನೆನಪಾಗುತ್ತದೆ. ಜುಲೈ 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. (ಅದು ಬೈಂದೂರಿನ ಶಿರೂರು, 2024ರ ಜುಲೈಯಲ್ಲಿ ಗುಡ್ಡ ಕುಸಿದ ನಮ್ಮ ತಾಲೂಕಿನ ಶಿರೂರು ಬೇರೆ.) ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಜಿಲ್ಲೆಯಿಡೀ ಎದ್ದಿತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು 2013ರಲ್ಲಿ ಸ್ಥಾಪನೆಯಾದರೂ ಮಣಿಪಾಲ, ಹುಬ್ಬಳ್ಳಿ, ಗೋವಾಗಳ ದಾರಿ ನಮಗೆ ತಪ್ಪಿಲ್ಲ. ಗೋವಾದ ಸರಕಾರಿ ಆಸ್ಪತ್ರೆಯಲ್ಲಿಯೂ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಿದರು. ಆ ಕೂಗು ನ್ಯಾಯವಾದದ್ದು, ನಾವೂ ಅದರಲ್ಲಿದ್ದೇವೆ. ಆದರೆ ಕಟ್ಟಡ ಬಂದರೆ ಮಾತಿಗೆ ವೇಳೆ ತಾನಾಗಿ ಬರುವುದಿಲ್ಲ. ನಮ್ಮ ಅತ್ತಿಗೆಗೆ ಕಟ್ಟಡದ ಕೊರತೆ ಇರಲಿಲ್ಲ, ಅಲ್ಲಿ ಲಿಫ್ಟು ಕೂಡ ಇತ್ತು.

ನಮ್ಮ ದೃಷ್ಟಿಯಲ್ಲಿ ಈಗಲೇ ಆಗಬಹುದಾದದ್ದು ಒಂದಿದೆ. ಡಾಕ್ಟರರ ಬಾಗಿಲಲ್ಲಿ ನಿಂತ ಸಾಲಿನಲ್ಲಿ ಹಳೆಯ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಯನ್ನೇ ಮತ್ತೆ ಬರೆಸಿಕೊಳ್ಳಲು ಬಂದವರೇ ಬಹಳ. ಅವರಿಗೆ ಬೇರೆ ದಿನ ಗೊತ್ತುಮಾಡಿ, ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳೇ ಬಿ.ಪಿ. ನೋಡಿ ಗುಳಿಗೆ ಕೊಡುವ ವ್ಯವಸ್ಥೆ ಸರಿಯಾಗಿ ನಡೆದರೆ, ಹೊಸ ತೊಂದರೆ ಹೊತ್ತು ಬಂದವನಿಗೆ ಡಾಕ್ಟರರ ಐದು ನಿಮಿಷ ಸಿಕ್ಕೀತು. ಖಾಲಿ ಹುದ್ದೆ ತುಂಬಿಸುವ ಬೇಡಿಕೆಯ ಜೊತೆಗೆ ಇದನ್ನೂ ಸೇರಿಸಿ ಆರೋಗ್ಯ ರಕ್ಷಾ ಸಮಿತಿಗೆ ಬರೆಯಬೇಕೆಂದು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಠರಾವು ಇಡಲಿದ್ದೇವೆ. ವಿರೋಧವಿದ್ದವರು ಸಭೆಗೆ ಬಂದು ಹೇಳಬೇಕು, ಜಗಲಿಯ ಮೇಲಲ್ಲ.

ಅತ್ತಿಗೆಯ ಕೈ ಈಗ ನೆಟ್ಟಗಾಗಿದೆ, ಕರೆಯುವ ಹಸುವಿನ ಹತ್ತಿರ ಮಾತ್ರ ಬೇರೆಯವರು ಕೂರುತ್ತಾರೆ. ಎರಡನೆಯ ಸಲ ಹೋಗುವಾಗ ನಾವು ಒಂದು ಕಾಗದದಲ್ಲಿ ಅವರು ಹೇಳಿದಂತೆ ಬರೆದುಕೊಟ್ಟೆವು: ಯಾವ ತೊಂದರೆ, ಎಂದಿನಿಂದ, ಯಾವ ಗುಳಿಗೆ ತೆಗೆದುಕೊಳ್ಳುತ್ತೇನೆ, ಯಾವುದು ಬಿಟ್ಟೆ, ಏಕೆ ಬಿಟ್ಟೆ. ಬಾಗಿಲ ತನಕ ಹೋಗಿ ನಾವು ಹೊರಗೇ ನಿಂತೆವು. ಒಳಗೆ ಆರು ನಿಮಿಷ ಇದ್ದರು. ಏನು ಮಾತಾಯಿತೆಂದು ಕೇಳಿದ್ದಕ್ಕೆ "ಎಲ್ಲ ಹೇಳಿದೆ" ಎಂದರೇ ಹೊರತು ಏನೆಂದು ನಮಗೆ ಹೇಳಲಿಲ್ಲ. ಗುಳಿಗೆ ಬದಲಾಗಿತ್ತು.

ಆ ಕಾಗದದ ನಮೂನೆಯನ್ನು ಅಚ್ಚು ಹಾಕಿಸಿ ಸಂಘದ ಗೊಬ್ಬರ ಮಾರಾಟದ ಕೌಂಟರಿನಲ್ಲಿ ಇಟ್ಟಿದ್ದೇವೆ. ಬೆಟ್ಟ, ಉಣುಗು, ಕಾಲುವೆಯ ನೀರು, ಔಷಧಿ ಸಿಂಪರಣೆ, ಕವಳ ಇವುಗಳಿಗೆ ಒಂದೊಂದು ಸಾಲು ಅದರಲ್ಲಿದೆ. ಬೇಕಾದವರು ಉಚಿತವಾಗಿ ಒಯ್ಯಬಹುದು. ಬರೆಯಲು ಬಾರದವರಿಗೆ ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಮೂರರ ಮೇಲೆ ನಮ್ಮ ಗುಮಾಸ್ತರು ಬರೆದುಕೊಡುತ್ತಾರೆ. ರೋಗಿ ತಾನೇ ಬರಬೇಕು.